ಎರಡು ಜೀಬಿಯ ಕಾರ್ಡು

ಆ ಆಸ್ಪತ್ರೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ‘ಛಾಯಾಗ್ರಾಹಕ, ಶವಾಗಾರ’ ಎಂದಿತ್ತು. ಬಾಯಿಮಾತಿನಲ್ಲಿ ಅವನು ಎರಡು ಜೀಬಿ. ತಲೆ ನರೆತ ಮನುಷ್ಯನಿಗೆ ಅಷ್ಟಾದರೂ ಮರ್ಯಾದೆ ಇರಲಿ ಎಂದುಕೊಂಡವರು ಜೀಬಿಯಣ್ಣ ಎನ್ನುತ್ತಿದ್ದರು. ಹೆಣದ ಕೋಣೆಯ ಕಾವಲಿನವನಂತೂ, ‘ಅಣ್ಣನ ತಲೇನೂ ಎರಡೇ ಜೀಬಿ ಕಣ್ರೋ, ಮನೆಯಾಕೆ ಮೂರು ಸಾಮಾನು ಹೇಳಿದ್ರೆ ಮೂರನೇದು ಹಿಡಿಯಲ್ಲ’ ಎಂದು ಚಹಾದ ಹೊತ್ತಿನಲ್ಲಿ ಕಿಚಾಯಿಸುತ್ತಿದ್ದ. ಜೀಬಿಯಣ್ಣ ನಗುತ್ತಿದ್ದ. ನೆಲಮಾಳಿಗೆಯ ಆ ಕೋಣೆಯಲ್ಲಿ ನಗು ಬರುವುದೇ ಅಪರೂಪ, ಬಂದಾಗ ಯಾರ ಮೇಲೆ ಬಂತೆಂದು ನೋಡಬಾರದು ಎನ್ನುವುದು ಅವನ ಲೆಕ್ಕ.

ಹೆಸರು ಬಂದದ್ದು ಕ್ಯಾಮೆರಾದಿಂದ. ಹದಿನೈದು ವರ್ಷದ ಹಿಂದೆ ಆಸ್ಪತ್ರೆ ಕೊಂಡ ಬೆಳ್ಳಿಬಣ್ಣದ ಪುಟ್ಟ ಡಿಜಿಟಲ್ ಕ್ಯಾಮೆರಾ ಅದು. ಮೂಲೆಗಳಲ್ಲಿ ಬಣ್ಣ ಹೋಗಿ ಒಳಗಿನ ಕಪ್ಪು ಕಾಣುತ್ತಿತ್ತು. ಬ್ಯಾಟರಿಯ ಮುಚ್ಚಳಕ್ಕೆ ರಬ್ಬರ್ ಬ್ಯಾಂಡು ಬಿಗಿದಿತ್ತು. ಆದರೆ ಚಿತ್ರದ ಬಲಮೂಲೆಯಲ್ಲಿ ಹಳದಿ ಅಂಕಿಗಳಲ್ಲಿ ತಾರೀಖು ಅಚ್ಚೊತ್ತುತ್ತಿತ್ತು. ಅದರ ನಂಬರು ಆಸ್ಪತ್ರೆಯ ದಾಖಲೆಯಲ್ಲಿತ್ತು. ಆ ನಂಬರಿನ ಕ್ಯಾಮೆರಾದಿಂದ ಬಂದ, ಆ ಹಳದಿ ತಾರೀಖು ಇರುವ ಚಿತ್ರವನ್ನಷ್ಟೇ ಮೇಲಿನವರು ಒಪ್ಪುತ್ತಿದ್ದರು. ಹೊಸದು ಬೇಕೆಂದು ಬರೆದ ಅರ್ಜಿ ಮೂರನೇ ಮಹಡಿಯ ಯಾವುದೋ ಕಡತದಲ್ಲಿ ತಣ್ಣಗೆ ಮಲಗಿತ್ತು.

ಆ ಕ್ಯಾಮೆರಾಗೆ ಎರಡು ಜೀಬಿಗಿಂತ ದೊಡ್ಡ ಮೆಮೊರಿ ಕಾರ್ಡು ಹಿಡಿಸುತ್ತಿರಲಿಲ್ಲ. ಹಾಕಿದರೆ ಒಳಗೇನೋ ಹೋಗುತ್ತದೆ, ‘ಟಕ್’ ಎಂದು ಕೂರುತ್ತದೆ. ಆಮೇಲೆ ಪರದೆಯ ಮೇಲೆ ‘ಕಾರ್ಡ್ ಎರರ್’ ಎಂದು ಬಂದು ನಿಂತುಬಿಡುತ್ತದೆ. ಎರಡು ಜೀಬಿಯ ಕಾರ್ಡುಗಳು ಅಂಗಡಿಗಳಿಂದ ಕಾಣೆಯಾಗಿ ವರ್ಷಗಳಾಗಿದ್ದವು. ಕ್ಯಾಮೆರಾ ಅಂಗಡಿ, ಮೊಬೈಲ್ ಅಂಗಡಿ, ಹಳೇ ಸಾಮಾನಿನ ಅಂಗಡಿ ಎಲ್ಲವನ್ನೂ ಜೀಬಿಯಣ್ಣ ಸುತ್ತಿದ್ದ.

‘ಎರಡು ಜೀಬೀನಾ? ಅಂಕಲ್, ಈಗ ಮಕ್ಕಳ ಆಟಿಕೇಲೂ ಅದಕ್ಕಿಂತ ಜಾಸ್ತಿ ಇರುತ್ತೆ. ಮೂವತ್ತೆರಡು ತಗೊಳ್ಳಿ. ಅದರೊಳಗೆ ಎರಡೂ ಇರುತ್ತಲ್ಲ!’ ಎಂದಿದ್ದ ಒಬ್ಬ ಅಂಗಡಿಯವ.

‘ಇರುತ್ತಪ್ಪ. ಆದ್ರೆ ಅದು ಮಾತಾಡೋದು ನಮ್ಮ ಕ್ಯಾಮೆರಾಗೆ ತಿಳಿಯಲ್ಲ. ಗಾತ್ರ ಒಂದೇ, ಆಕಾರ ಒಂದೇ, ಭಾಷೆ ಬೇರೆ.’

‘ಹಾಗಾದ್ರೆ ಕ್ಯಾಮೆರಾಗೆ ಟ್ಯೂಷನ್ ಹಾಕ್ಸಿ.’

ಕಾರ್ಡುಗಳ ವಿಷಯದಲ್ಲಿ ಜೀಬಿಯಣ್ಣ ಪಂಡಿತನಾಗಿಬಿಟ್ಟಿದ್ದ. ಕಾರ್ಡಿನ ಮುಖದ ಮೇಲೆ ‘ಎಸ್‌ಡಿ’ ಎಂದಷ್ಟೇ ಇದ್ದರೆ ಕೊಳ್ಳಬಹುದು. ಅದರ ಪಕ್ಕ ಇನ್ನೆರಡು ಅಕ್ಷರ ಸೇರಿದ್ದರೆ ಮುಟ್ಟಬಾರದು. ಉಗುರಿನಷ್ಟು ಚಿಕ್ಕ ಕಾರ್ಡನ್ನು ದೊಡ್ಡ ಕಾರ್ಡಿನ ಕವಚದಲ್ಲಿ ತೂರಿಸಿದರೆ ನಾಲ್ಕು ದಿನ ನಡೆಯುತ್ತದೆ, ಐದನೇ ದಿನ ಕೈಕೊಡುತ್ತದೆ. ಕಂಪ್ಯೂಟರಿನಲ್ಲಿ ಫಾರ್ಮ್ಯಾಟ್ ಮಾಡಿದ ಕಾರ್ಡನ್ನು ಹಳೇ ಕ್ಯಾಮೆರಾ ಗುರುತು ಹಿಡಿಯುವುದಿಲ್ಲ, ಕ್ಯಾಮೆರಾದೊಳಗೇ ಮಾಡಬೇಕು. ಎಲ್ಲಕ್ಕಿಂತ ಕೆಟ್ಟದ್ದು ಖೋಟಾ ಕಾರ್ಡು. ಮೇಲೆ ಎರಡು ಎಂದು ಬರೆದಿರುತ್ತದೆ, ಒಳಗಿರುವುದು ಅರ್ಧ. ಆ ಅರ್ಧ ತುಂಬಿದ ಮೇಲೆ ಹೊಸ ಚಿತ್ರ ಸದ್ದಿಲ್ಲದೆ ಹಳೆಯದರ ತಲೆಯ ಮೇಲೆ ಕೂರುತ್ತದೆ, ಕ್ಯಾಮೆರಾ ಉಸಿರೂ ಬಿಡುವುದಿಲ್ಲ. ಹಾಗಾಗಿ ಯಾವ ಕಾರ್ಡು ಸಿಕ್ಕರೂ ಅವನು ಮೊದಲು ಮನೆಯ ಗೋಡೆಯ ಚಿತ್ರ ತೆಗೆದೂ ತೆಗೆದೂ ಅದನ್ನು ಭರ್ತಿ ಮಾಡುತ್ತಿದ್ದ. ಆಮೇಲೆ ಮೊದಲನೆಯದು ಇನ್ನೂ ಇದೆಯೇ ಎಂದು ನೋಡುತ್ತಿದ್ದ.

‘ನಮ್ಮ ಮದುವೇಲಿ ನನ್ನ ಫೋಟೋನೂ ಇಷ್ಟು ತೆಗೆದಿರಲಿಲ್ಲ. ಆ ಗೋಡೆ ಪುಣ್ಯ ಮಾಡಿತ್ತು’ ಎನ್ನುತ್ತಿದ್ದಳು ಹೆಂಡತಿ.

ಒಂದು ಕಾಲಕ್ಕೆ ಅವನಿಗೆ ಸ್ವಂತ ಸ್ಟುಡಿಯೊ ಇತ್ತು. ರೀಲಿನ ಕಾಲ. ಕತ್ತಲಕೋಣೆಯ ಕೆಂಪು ದೀಪದಲ್ಲಿ ಬಿಳೀ ಕಾಗದದಿಂದ ಮುಖ ನಿಧಾನವಾಗಿ ಎದ್ದುಬರುವುದನ್ನು ನೋಡಿ ಬೆಳೆದ ಕಣ್ಣು ಅವನದು. ಎಲ್ಲರ ಕೈಗೂ ಫೋನು ಬಂದ ಮೇಲೆ ಸ್ಟುಡಿಯೊದ ಬಾಗಿಲು ಅರ್ಧಕ್ಕಿಳಿಯಿತು, ಆಮೇಲೆ ಪೂರ್ತಿ. ಈಗ ಅದೇ ಜಾಗದಲ್ಲಿ ಹೆಂಡತಿ ಜೆರಾಕ್ಸ್ ಯಂತ್ರ ಇಟ್ಟುಕೊಂಡಿದ್ದಳು. ಆಸ್ಪತ್ರೆಯ ಕೆಲಸ ಸಿಕ್ಕಾಗ ಅವನು, ‘ಕೂತ್ಕೊಳ್ಳಿ, ನಗಿ, ಅಲ್ಲಾಡಬೇಡಿ ಅಂತ ಹೇಳೋ ಕಷ್ಟ ತಪ್ಪಿತು’ ಎಂದಿದ್ದ. ಅದಾದ ಮೇಲೆ ನೆಂಟರು ಯಾರೂ ಮಗು ಹುಟ್ಟಿದರೆ, ಮನೆ ಕಟ್ಟಿದರೆ ಫೋಟೋಗೆ ಅವನನ್ನು ಕರೆಯಲಿಲ್ಲ. ಕಾರಣ ಯಾರೂ ಹೇಳಲಿಲ್ಲ, ಅವನೂ ಕೇಳಲಿಲ್ಲ.

ಕೆಲಸ ಇಷ್ಟೇ: ಗುರುತು ಸಿಗದ ಹೆಣ ಬಂದರೆ ಅದಕ್ಕೊಂದು ನಂಬರು. ಆ ನಂಬರಿಗೆ ನಾಲ್ಕು ಚಿತ್ರ. ಮುಖ ಎದುರಿನಿಂದ ಒಂದು, ಎಡ ಬಲ ಒಂದೊಂದು, ಗಾಯವೋ ಮಚ್ಚೆಯೋ ಇದ್ದರೆ ಅದೊಂದು. ಗದ್ದ ಜೋತುಬಿದ್ದಿದ್ದರೆ ಕೆಳಗೆ ಬಟ್ಟೆಯ ಸುರುಳಿ ಇಡುವುದು, ಕೂದಲು ಹಣೆಯಿಂದ ಸರಿಸುವುದು, ಫ್ಲ್ಯಾಶಿನ ಬೆಳಕು ನೇರ ಬೀಳದಂತೆ ಬೆರಳು ಅಡ್ಡ ಹಿಡಿಯುವುದು. ದಾಖಲೆ ಪುಸ್ತಕದಲ್ಲಿ ‘ಫೋಟೋ ತೆಗೆದಿದೆ / ತೆಗೆದಿಲ್ಲ’ ಎಂಬ ಅಂಕಣವಿತ್ತು. ಬೇಡದ್ದನ್ನು ಹೊಡೆದುಹಾಕಿ ಸಹಿ ಮಾಡುವುದು. ಕಾರ್ಡು ಮೊದಲ ಮಹಡಿಯ ಗುಮಾಸ್ತರಿಗೆ ಹೋಗುತ್ತಿತ್ತು. ಅವರು ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಅಚ್ಚು ಹಾಕಿ ಹೊರಗಿನ ಫಲಕಕ್ಕೆ ಅಂಟಿಸುತ್ತಿದ್ದರು. ಹತ್ತು ದಿನದಲ್ಲಿ ಯಾರೂ ಬರದಿದ್ದರೆ ಹೆಣ ಊರಾಚೆಯ ಮಣ್ಣಿಗೆ. ಮೈಮೇಲಿದ್ದ ಬಟ್ಟೆಬರೆಯೂ ಅದೇ ಚೀಲದಲ್ಲಿ. ಮೇಲೆ ನಂಬರಿನ ಕಲ್ಲು. ಆಮೇಲೆ ಆ ಮನುಷ್ಯ ಭೂಮಿಯ ಮೇಲೆ ಉಳಿಯುವುದು ಆ ನಾಲ್ಕು ಚಿತ್ರಗಳಲ್ಲಿ.

ಒಂದು ಸಲ ಹಳೇ ಚಿತ್ರ, ಹೊಸ ಚಿತ್ರ ಒಂದೇ ಕಾರ್ಡಿನಲ್ಲಿ ಕಲಸಿ, ಯಾರದೋ ನಂಬರಿಗೆ ಯಾರದೋ ಮುಖ ಅಚ್ಚಾಗಿ ದೊಡ್ಡ ರಂಪವಾಗಿತ್ತು. ಅಂದಿನಿಂದ ಕಾರ್ಡು ಖಾಲಿ ಮಾಡಿಯೇ ಮುಂದಿನ ಕೆಲಸ ಎಂಬ ನಿಯಮವಾಯಿತು. ಜೀಬಿಯಣ್ಣ ಅದಕ್ಕೆ ತನ್ನದೊಂದು ನಿಯಮ ಸೇರಿಸಿಕೊಂಡಿದ್ದ. ಕಾರ್ಡು ಯಾವಾಗಲೂ ಎರಡು ಇರಬೇಕು. ಒಂದು ದುಡಿಯಬೇಕು, ಒಂದು ಮಲಗಬೇಕು. ಮೇಲಿನಿಂದ ವಾಪಸು ಬಂದದ್ದನ್ನು ತಕ್ಷಣ ಅಳಿಸದೆ ಡಬ್ಬಿಯಲ್ಲಿ ಮಲಗಿಸಿಡುವುದು. ಮುಂದಿನ ಸರದಿ ಬರುವ ಹೊತ್ತಿಗೆ ಅದರ ಚಿತ್ರಗಳು ಫಲಕದ ಮೇಲೆ ಬಂದಿರುವುದನ್ನು ಕಣ್ಣಾರೆ ನೋಡಿ ಆಮೇಲೆ ಅಳಿಸುವುದು.

ಆ ಬೇಸಿಗೆಯಲ್ಲಿ ಎರಡರಲ್ಲೊಂದು ಸತ್ತುಹೋಯಿತು. ಅಂಚಿನ ಪ್ಲಾಸ್ಟಿಕ್ಕು ಸೀಳಿ, ಒಳಗಿನ ಹಿತ್ತಾಳೆಯ ಪಟ್ಟಿ ಎದ್ದುಬಂದಿತ್ತು. ಬದಲಿಗೆ ಸಿಕ್ಕ ಮೂರರಲ್ಲಿ ಎರಡು ಖೋಟಾ, ಒಂದು ‘ಎರರ್’. ಉಳಿದದ್ದು ಒಂದೇ ಕಾರ್ಡು. ಬೆಳಿಗ್ಗೆ ಮೇಲೆ ಹೋದದ್ದು ಮಧ್ಯಾಹ್ನ ಕೆಳಗೆ ಬಂದು ದುಡಿಯಲೇಬೇಕು. ಮಲಗುವ ಕಾರ್ಡು ಇಲ್ಲವಾಯಿತು.

ಅದೇ ಹೊತ್ತಿಗೆ ಮೇಲಿನ ಹಳೇ ಗುಮಾಸ್ತರು ನಿವೃತ್ತರಾಗಿ, ಬಿಲ್ಲು ವಿಭಾಗದಿಂದ ಹೊಸಬನೊಬ್ಬ ಬಂದ. ನಲವತ್ತರ ಆಸುಪಾಸಿನ ಮನುಷ್ಯ, ಮೈಯೆಲ್ಲ ಭಯ. ಕಡತಕ್ಕೂ ಕೈಮುಗಿದು ಮುಟ್ಟುವ ಪೈಕಿ. ಮೊದಲ ಸಲ ಕಾರ್ಡು ಹೋದಾಗ ಫೋನು ಮಾಡಿ, ‘ಅಣ್ಣಾ, ಇದು ತೆಗೆಯಕ್ಕೇ ಬರ್ತಿಲ್ಲ, ಡಬಲ್ ಕ್ಲಿಕ್ ಮಾಡಿದ್ರೆ ಏನೇನೋ ಕೇಳುತ್ತೆ’ ಎಂದು ಗೋಳಾಡಿದ. ಮರುದಿನ ಜೀಬಿಯಣ್ಣನೇ ಕೇಳಿದ:

‘ಏನಾಯ್ತು ಸ್ವಾಮಿ, ತೆಗೆದ್ರಾ?’

‘ತೆಗೆದೆ ಅಣ್ಣಾ. ಎಲ್ಲಾ ತೆಗೆದೆ.’

‘ಎಲ್ಲಾನೂ? ಇಪ್ಪತ್ತೊಂದರಿಂದ ಮೂವತ್ತೊಂದರ ತನಕ?’

‘ಒಂದೂ ಬಿಡದೆ ತೆಗೆದಿದೀನಿ. ಊಟ ಸೇರಲಿಲ್ಲ ನೋಡಿ.’

‘ಅಭ್ಯಾಸ ಆಗುತ್ತೆ ಬಿಡಿ. ಕಾರ್ಡು ಕಳಿಸಿ.’

ಕಾರ್ಡು ಬಂತು. ಜೀಬಿಯಣ್ಣ ಅದನ್ನು ಕ್ಯಾಮೆರಾಗೆ ಹಾಕಿ, ಫಾರ್ಮ್ಯಾಟ್ ಒತ್ತಿದ. ‘ಎಲ್ಲವೂ ಅಳಿಸಿಹೋಗುತ್ತದೆ, ಸರಿಯೇ?’ ಎಂದು ಪರದೆ ಕೇಳಿತು. ಸರಿ ಎಂದ.

ಅವನು ಕೇಳಿದ್ದು, ಕಾರ್ಡಿನಿಂದ ತೆಗೆದು ಕಂಪ್ಯೂಟರಿನಲ್ಲಿ ಇಟ್ಟುಕೊಂಡಿರಾ ಎಂದು. ಗುಮಾಸ್ತ ಹೇಳಿದ್ದು, ಬಾಗಿಲು ತೆಗೆದ ಹಾಗೆ ಒಂದೊಂದೇ ಚಿತ್ರ ತೆಗೆದು ನೋಡಿದೆ, ಎಲ್ಲ ಸರಿಯಾಗಿವೆ ಎಂದು. ಕಾರ್ಡಿನಲ್ಲಿ ಹೇಗೂ ಇರುತ್ತವಲ್ಲ, ಅಚ್ಚು ಹಾಕುವ ದಿನ ಮತ್ತೆ ತರಿಸಿಕೊಂಡರಾಯಿತು ಎಂದುಕೊಂಡಿದ್ದ ಪಾಪ. ಅಚ್ಚಿನ ಯಂತ್ರಕ್ಕೆ ಮಸಿ ಮುಗಿದು, ಹೊಸದು ಬರುವುದು ಮೂರು ವಾರ ತಡವಾಯಿತು. ಫಲಕ ಖಾಲಿಯಿದ್ದದ್ದನ್ನು ದಿನವೂ ನೋಡುತ್ತಿದ್ದ ಜೀಬಿಯಣ್ಣನಿಗೆ ಅದು ಮಸಿಯ ತಾಪತ್ರಯವಾಗಿಯೇ ಕಂಡಿತು.

ಆ ಹೆಂಗಸು ಬಂದದ್ದು ಒಂದು ಸೋಮವಾರ. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸದವಳು. ತೋಳಿನ ಮೇಲೆ ದಾರದ ಎಳೆ ಇನ್ನೂ ಅಂಟಿಕೊಂಡಿತ್ತು. ತಮ್ಮ ಮನೆ ಬಿಟ್ಟು ಹೋಗಿ ಐದು ವಾರ. ಕೆಲಸ ಹುಡುಕಲು ಹೋದವನು, ಹೋದವನೇ. ನಾಲ್ಕು ಆಸ್ಪತ್ರೆ ಸುತ್ತಿ ಐದನೆಯದಕ್ಕೆ ಬಂದಿದ್ದಳು. ಗುಮಾಸ್ತ ದಾಖಲೆ ಓದಿ ಹೇಳಿದ: ‘ಇಪ್ಪತ್ತೇಳನೇ ನಂಬರು. ಗಂಡಸು, ಸುಮಾರು ಮೂವತ್ತು, ಐದೂವರೆ ಅಡಿ, ವಾಹನ ಅಪಘಾತ. ಮಣ್ಣು ಮಾಡಿದೀವಿ. ನಿಮ್ಮ ತಮ್ಮನಿಗೆ ಏನಾದ್ರೂ ಗುರುತು?’

‘ನೀವು ಮುಖ ತೋರಿಸಿ. ಗುರುತು ನಾನು ಹೇಳ್ತೀನಿ’ ಎಂದಳು. ‘ಅಮ್ಮ ರಾತ್ರಿ ಬಾಗಿಲ ಚಿಲಕ ಹಾಕಕ್ಕೆ ಬಿಡ್ತಿಲ್ಲ. ಅವನು ಬಂದ್ರೆ, ಅಂತಾಳೆ. ಇದಾನೋ ಇಲ್ವೋ, ಒಂದು ತಿಳೀಬೇಕು ನನಗೆ.’

ಗುಮಾಸ್ತ ಕಂಪ್ಯೂಟರಿನಲ್ಲಿ ಹುಡುಕಿದ. ಕೆಳಗೆ ಫೋನು ಮಾಡಿ, ‘ಅಣ್ಣಾ, ಆ ಹಳೇ ಕಾರ್ಡು ಸ್ವಲ್ಪ ಕಳಿಸಿ’ ಎಂದ.

‘ಯಾವ ಹಳೇ ಕಾರ್ಡು?’ ಎಂದ ಜೀಬಿಯಣ್ಣ. ಆಗಷ್ಟೇ ಮೂವತ್ತೆಂಟನೇ ನಂಬರಿನ ನಾಲ್ಕು ಚಿತ್ರ ತೆಗೆದು ಕೈ ತೊಳೆಯುತ್ತಿದ್ದ. ‘ಇರೋದು ಒಂದೇ. ನೀವು ತೆಗೆದೆ ಅಂದ ಮೇಲೆ ಅಳಿಸಿದೀನಲ್ಲ.’

ಆ ಕಡೆ ಫೋನು ಇಟ್ಟ ಸದ್ದಾಯಿತು.

ಅವನು ಮೆಟ್ಟಿಲು ಹತ್ತಿ ಬಂದಾಗ ಗುಮಾಸ್ತ, ‘ಗುರುವಾರ ಬನ್ನಿ ಅಮ್ಮ, ಕಂಪ್ಯೂಟರ್ ಕೆಟ್ಟಿದೆ’ ಎನ್ನುತ್ತಿದ್ದ. ಆ ಹೆಂಗಸು ಕೈಯಲ್ಲಿದ್ದ ತಮ್ಮನ ಫೋಟೋವನ್ನು ಎದುರಿಗೆ ಬಂದವರಿಗೆಲ್ಲ ತೋರಿಸುತ್ತಿದ್ದಳು. ಜೀಬಿಯಣ್ಣನಿಗೂ ಹಿಡಿದಳು. ಯಾರದೋ ಮದುವೆಯಲ್ಲಿ ತೆಗೆದದ್ದು, ಹಲ್ಲು ಬಿಟ್ಟು ನಗುತ್ತಿದ್ದ.

‘ನೀವು ಕೆಳಗೇ ಕೆಲಸ ಮಾಡೋರಂತೆ. ಇವನನ್ನ ನೋಡಿದ್ರಾ?’

ಜೀಬಿಯಣ್ಣ ನೋಡಿದ. ಇಪ್ಪತ್ತೇಳನ್ನು ನೆನಪಿಸಿಕೊಳ್ಳಲು ತಿಣುಕಿದ. ಗದ್ದದ ಕೆಳಗೆ ಬಟ್ಟೆ ಇಟ್ಟದ್ದು ನೆನಪಿತ್ತು. ಹಣೆಯ ಮೇಲೆ ಬೆಳಕು ಹೊಳೆದು ಎರಡನೇ ಸಲ ತೆಗೆದದ್ದು ನೆನಪಿತ್ತು. ಪರದೆಯ ಮೇಲೆ ಹಸಿರು ಚೌಕ ಬಂದು ಮುಖ ಸ್ಪಷ್ಟವಾಯಿತೆಂದು ಹೇಳಿದ್ದು ನೆನಪಿತ್ತು. ಮುಖ ಮಾತ್ರ ನೆನಪಿರಲಿಲ್ಲ. ಇಷ್ಟು ವರ್ಷ ಅವನು ಚೌಕ ನೋಡುತ್ತಿದ್ದನೇ ಹೊರತು ಅದರೊಳಗಿದ್ದವರನ್ನಲ್ಲ. ನೋಡಿದ್ದರೆ ಈ ಕೆಲಸದಲ್ಲಿ ಒಂದು ತಿಂಗಳೂ ಇರುತ್ತಿರಲಿಲ್ಲ.

‘ಗೊತ್ತಾಗ್ತಿಲ್ಲಮ್ಮ’ ಎಂದ.

ಅವಳು ಹೋದ ಮೇಲೆ ಗುಮಾಸ್ತ ಕುರ್ಚಿಯಲ್ಲಿ ಕುಸಿದ. ‘ಅಣ್ಣಾ, ನಾನು ತೆಗೆದೆ ಅಂದಿದ್ದು ತೆರೆದೆ ಅಂತ. ನಿಮ್ಮಾಣೆ.’

‘ನಾನು ಕೇಳಿದ್ದು ಇಳಿಸಿಕೊಂಡ್ರಾ ಅಂತ.’

‘ಹಾಗಂತ ಕೇಳಬಾರದಿತ್ತಾ?’

‘ಹಾಗಂತ ಹೇಳಬಾರದಿತ್ತಾ?’

ಹನ್ನೊಂದು ಜನರ ಮುಖ ಒಂದು ಕ್ರಿಯಾಪದದ ಸಂದಿಯಲ್ಲಿ ಬಿದ್ದುಹೋಗಿತ್ತು.

ಜೀಬಿಯಣ್ಣ ಕ್ಯಾಮೆರಾದಿಂದ ಕಾರ್ಡು ಹೊರತೆಗೆದು, ಹೊಸದೇನೂ ಅದರ ಮೇಲೆ ಕೂರದಂತೆ ಅಂಚಿನ ಬೀಗವನ್ನು ಸರಿಸಿ, ಅಂಗಿಯ ಜೇಬಿನಲ್ಲಿ ಕಾಗದದೊಳಗೆ ಸುತ್ತಿಟ್ಟುಕೊಂಡು ಬಸ್ಸು ಹತ್ತಿದ. ಕಂಪ್ಯೂಟರ್ ರಿಪೇರಿ ಅಂಗಡಿಗಳ ಸಾಲಿನಲ್ಲಿ, ಅಳಿಸಿದ್ದನ್ನು ಹಿಂದಕ್ಕೆ ತರುವ ಹೆಂಗಸೊಬ್ಬಳಿದ್ದಳು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಮಾತಾಡುವವಳು.

‘ಫಾರ್ಮ್ಯಾಟ್ ಮಾಡಿದ್ರೆ ಚಿತ್ರ ಹೋಗಲ್ಲ. ಎಲ್ಲೆಲ್ಲಿ ಯಾವ ಚಿತ್ರ ಇದೆ ಅನ್ನೋ ಪಟ್ಟಿ ಮಾತ್ರ ಹೋಗೋದು’ ಎಂದಳು. ಜೀಬಿಯಣ್ಣನಿಗೆ ಉಸಿರು ಬಂತು. ‘ಆದ್ರೆ ಆಮೇಲೆ ಹೊಸದು ತೆಗೆದಿದ್ರೆ, ಅದು ಹಳೇದರ ಜಾಗದಲ್ಲೇ ಬಂದು ಕೂರುತ್ತೆ. ಮೊದಲಿಂದ, ಸಾಲಾಗಿ. ಎಷ್ಟು ತೆಗೆದಿದ್ದೀರಿ?’

‘ಏಳು ಜನ. ನಾಲ್ಕು ನಾಲ್ಕು.’

‘ಜನಾನಾ?’

‘ಹೂಂ.’

ಅವಳು ಭೂತಗನ್ನಡಿ ತೆಗೆದು ಅವನ ಮುಖ ನೋಡಿದಳು, ಮತ್ತೆ ಹಾಕಿಕೊಂಡಳು. ಯಂತ್ರ ಮಧ್ಯಾಹ್ನವೆಲ್ಲ ಕಾರ್ಡನ್ನು ತಡಕಿತು. ಅವನು ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು ಬೆರಳು ಮಡಿಸಿ ಎಣಿಸುತ್ತಿದ್ದ. ಇಪ್ಪತ್ತೊಂದು, ಇಪ್ಪತ್ತೆರಡು... ಏಳನೆಯದು ಇಪ್ಪತ್ತೇಳು. ಹೊಸ ಏಳು ಜನ ಹಳೇ ಏಳು ಜನರ ಮೇಲೆ. ಅಂದರೆ ಇಪ್ಪತ್ತೇಳರ ಮೇಲೆ ಕೂತದ್ದು ಮೂವತ್ತೆಂಟು. ಅದನ್ನು ತೆಗೆದದ್ದು ಇವತ್ತು ಬೆಳಿಗ್ಗೆ, ಅವಳು ಮೇಲೆ ಗುಮಾಸ್ತನ ಮುಂದೆ ನಿಂತಿದ್ದ ಹೊತ್ತಿಗೆ. ಬೆಳಿಗ್ಗೆ ಬಸ್ಸು ತಪ್ಪಿಹೋಗಿದ್ದರೆ, ಬ್ಯಾಟರಿ ಮುಗಿದಿದ್ದರೆ, ಕೆಳಗೆ ಚಹಾಕ್ಕೆ ಇನ್ನೊಂದು ಗಳಿಗೆ ನಿಂತಿದ್ದರೆ...

ಸಂಜೆ ಐದಕ್ಕೆ ಪರದೆಯ ಮೇಲೆ ಮುಖಗಳು ಬಂದವು. ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು, ಮೂವತ್ತೊಂದು. ನಾಲ್ಕೂ ಜನ ಕೆಡದೆ, ಮೂಲೆಯಲ್ಲಿ ಹಳದಿ ತಾರೀಖು ಸಮೇತ. ಅದಕ್ಕಿಂತ ಹಿಂದಿನದೆಲ್ಲ ಬೂದು.

‘ಇನ್ನೊಂದು ಸಲ ನೋಡಮ್ಮ. ಒಂದೇ ಒಂದು ಮುಖ’ ಎಂದ.

‘ನೋಡಿದೆ ಯಜಮಾನ್ರೇ. ಮೂರು ಸಲ ನೋಡಿದೆ’ ಎಂದಳು. ದನಿಯಲ್ಲಿ ರಿಪೇರಿಯವಳ ಗತ್ತು ಇರಲಿಲ್ಲ. ‘ಅಲ್ಲಿ ಈಗ ಬೇರೆಯವರಿದ್ದಾರೆ.’

ಬುಧವಾರ ಇಬ್ಬರೂ ದೊಡ್ಡ ಡಾಕ್ಟರರ ಮುಂದೆ ನಿಂತರು. ಶವಾಗಾರದ ಮೇಲಿನ ಅಧಿಕಾರಿ ಅವರು, ಕೆಟ್ಟವರಲ್ಲ, ಕಾಗದದ ಮನುಷ್ಯ. ದಾರಿಯಲ್ಲಿ ಗುಮಾಸ್ತ, ‘ಕಾರ್ಡು ಹೊಂದಲಿಲ್ಲ, ತಾನಾಗೇ ಕೆಟ್ಟಿತು ಅಂತ ಹೇಳಿಬಿಡೋಣ ಅಣ್ಣಾ, ಇಬ್ಬರೂ ಬಚಾವು. ನಿಮಗೆ ಹೊಸ ಕ್ಯಾಮೆರಾನೂ ಬರುತ್ತೆ’ ಎಂದಿದ್ದ. ಒಳಗೆ ಹೋದ ಜೀಬಿಯಣ್ಣ ನಡೆದದ್ದನ್ನು ನಡೆದ ಹಾಗೇ ಹೇಳಿದ.

ಡಾಕ್ಟರು ಎಲ್ಲ ಕೇಳಿ, ‘ಕಾರ್ಡು ಕೆಟ್ಟರೂ ಅಷ್ಟೇ, ನೀವು ಅಳಿಸಿದ್ರೂ ಅಷ್ಟೇ’ ಎಂದರು. ‘ಫೋಟೋ ತೆಗೆದಿದೆ ಅಂತ ಸಹಿ ಇದೆ. ಹತ್ತು ದಿನ ಇಟ್ಟಿದ್ದೀವಿ, ಹೂಳಿದ್ದೀವಿ. ಕಾಗದದ ಮಟ್ಟಿಗೆ ನಮ್ಮ ಕೆಲಸ ಮುಗಿದಿದೆ. ತೆಗೆದ ಫೋಟೋ ಆಮೇಲೆ ಕಳೆದುಹೋಯ್ತು ಅಂತ ಹೂಳಿದ್ದನ್ನ ಅಗೆಯೋಕೆ ನಿಯಮ ಇಲ್ಲ. ನಿಮ್ಮಿಬ್ಬರಿಗೆ ಒಂದು ಮೆಮೊ ಕೊಡ್ತೀನಿ, ಅಷ್ಟೇ.’

‘ಆ ಹೆಣ್ಣುಮಗಳು ಸಾರ್?’

‘ರಕ್ತ, ಹಲ್ಲು, ಯಾವ ಮಾದರೀನೂ ಇಟ್ಟಿಲ್ಲ. ಅಪಘಾತ ಅಂತ ಪೊಲೀಸರು ಬರೆದು ಕಳಿಸಿದ್ದರು, ನಾವೂ ಬಿಟ್ವಿ. ಏನು ಮಾಡಲಿ? ಫೋಟೋ ತೆಗೆಯದೇ ಹೂಳಿದ್ರೆ ಮಾತು ಬೇರೆ. ಹೂಳಿದ್ದೇ ತಪ್ಪಾಗುತ್ತೆ, ಅಗೆಯಲೇಬೇಕಾಗುತ್ತೆ.’

ಜೀಬಿಯಣ್ಣ ಕೇಳಿದ: ‘ತೆಗೆದಿಲ್ಲ ಅಂತ ಬರೆದುಕೊಟ್ರೆ?’

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ‘ಬರೆದುಕೊಟ್ಟವನು ತೆಗೆಯದೇ ತೆಗೆದೆ ಅಂತ ಸಹಿ ಹಾಕಿದ ಹಾಗಾಯ್ತು. ಅವನು ಮಾರನೇ ದಿನ ಈ ಕಟ್ಟಡದಲ್ಲಿ ಇರಲ್ಲ. ಈಗ ನೀವು ಕೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ. ಮನೆಗೆ ಹೋಗಿ.’

ಮನೆಯಲ್ಲಿ ಹೆಂಡತಿ ಜೆರಾಕ್ಸ್ ಯಂತ್ರದ ಮುಚ್ಚಳ ಎತ್ತಿ ಗಾಜು ಒರೆಸುತ್ತಿದ್ದಳು. ಎಲ್ಲ ಕೇಳಿದಳು.

‘ತೆಗೆದಿದ್ದೀರಿ ತಾನೇ?’

‘ತೆಗೆದಿದೀನಿ.’

‘ಮತ್ತೆ ತೆಗೆದಿಲ್ಲ ಅಂತ ಬರೆಯೋದಾ? ಇಷ್ಟು ವರ್ಷ ಒಂದು ದಿನ ಕೆಲಸಕ್ಕೆ ಕಳ್ಳ ಬಿದ್ದಿಲ್ಲ ನೀವು. ಸ್ಟುಡಿಯೊ ಹೋದಾಗ್ಲೂ ಜನ ಪಾಪ ಅಂದ್ರು, ಸೋಮಾರಿ ಅನ್ನಲಿಲ್ಲ. ಇನ್ನು ಮೇಲೆ ಅದನ್ನೂ ಅನ್ನಿಸ್ಕೊಳ್ಳೋದಾ?’

‘ಅವರಮ್ಮ ಚಿಲಕ ಹಾಕ್ತಿಲ್ವಂತೆ ಕಣೇ.’

‘ಅದು ಅವನೇ ಅಂತ ನಿಮಗೇನು ಗೊತ್ತು? ಅಗೆದು ನೋಡಿ ಬೇರೆ ಯಾರೋ ಆಗಿದ್ರೆ?’

‘ಆಗ ಅವನಲ್ಲ ಅನ್ನೋದಾದ್ರೂ ಗೊತ್ತಾಗುತ್ತೆ.’

ಅವಳು ಗಾಜು ಒರೆಸುವುದನ್ನು ಮುಂದುವರಿಸಿದಳು. ಒರೆಸಿದ ಜಾಗವನ್ನೇ ಮತ್ತೆ ಮತ್ತೆ. ಕೊನೆಗೆ ತಟ್ಟೆಯಿಂದ ಒಂದು ಬಿಳಿ ಹಾಳೆ ಎಳೆದು ಅವನ ಮುಂದೆ ಇಟ್ಟಳು. ‘ಬರೀರಿ. ಎರಡು ಪ್ರತಿ ಮಾಡ್ಕೊಡ್ತೀನಿ.’

ಅವನು ಬರೆದ: ‘ಇಪ್ಪತ್ತೇಳನೇ ನಂಬರಿನ ಶವದ ಫೋಟೋವನ್ನು ನಾನು ತೆಗೆದಿರುವುದಿಲ್ಲ. ತೆಗೆದಿದೆ ಎಂದು ತಪ್ಪಾಗಿ ಸಹಿ ಮಾಡಿರುತ್ತೇನೆ.’ ಉಳಿದ ಆರು ಬೂದು ನಂಬರುಗಳ ಬಗ್ಗೆ ಏನೂ ಬರೆಯಲಿಲ್ಲ. ಅವರನ್ನು ಯಾರೂ ಕೇಳಿಕೊಂಡು ಬಂದಿರಲಿಲ್ಲ. ಬರೆಯದೆ ಬಿಟ್ಟದ್ದು ಸರಿಯೋ ತಪ್ಪೋ ಅವನಿಗೆ ಆಮೇಲೂ ತಿಳಿಯಲಿಲ್ಲ.

ಗುರುವಾರ ಕಾಗದ ಕೊಟ್ಟ. ಶುಕ್ರವಾರ ಕ್ಯಾಮೆರಾ ಒಪ್ಪಿಸಿದ. ಅಗೆಯುವ ಆದೇಶ ಬರಲು ಎರಡು ವಾರ ಹಿಡಿಯಿತು. ಜಾಗ ತೋರಿಸಲು, ಹೇಳಿಕೆಗೆ ಸಾಕ್ಷಿಯಾಗಿ ನಿಲ್ಲಲು ಅವನನ್ನೂ ಕರೆಸಿದರು.

ಬೆಳಗಿನ ಬಿಸಿಲು ಇನ್ನೂ ಏರಿರಲಿಲ್ಲ. ತಂತಿಬೇಲಿಯ ಒಳಗೆ ಮೊಳದುದ್ದದ ಕಲ್ಲುಗಳ ಸಾಲು. ದೊಡ್ಡ ಡಾಕ್ಟರು ಮೂಗಿಗೆ ಕರವಸ್ತ್ರ ಹಿಡಿದಿದ್ದರು. ಕಾವಲಿನವನೂ ಇನ್ನೊಬ್ಬನೂ ಅಗೆಯುತ್ತಿದ್ದರು. ಕಾವಲಿನವನ ಬಾಯಲ್ಲಿ ಅವತ್ತು ಒಂದು ತಮಾಷೆಯೂ ಬರಲಿಲ್ಲ. ಹೊಸ ಛಾಯಾಗ್ರಾಹಕ ಅದೇ ಹಳೇ ಕ್ಯಾಮೆರಾ ಹಿಡಿದು ಎಲ್ಲಿ ನಿಲ್ಲುವುದೆಂದು ತಿಳಿಯದೆ ಅತ್ತಿತ್ತ ಸರಿಯುತ್ತಿದ್ದ. ಪೊಲೀಸಿನವನು ಜೀಬಿಯಣ್ಣನ ಹೇಳಿಕೆಯನ್ನು ಗಟ್ಟಿಯಾಗಿ ಓದಿದ. ಓದುವಾಗ ಆ ಹೆಂಗಸು ಮೊದಲ ಸಲ ತಲೆಯೆತ್ತಿ ಅವನ ಕಡೆ ನೋಡಿದಳು.

ಚೀಲ ಮೇಲೆ ಬಂತು. ಮುಖ ಎಂದು ಹೇಳುವಂಥದ್ದು ಏನೂ ಉಳಿದಿರಲಿಲ್ಲ. ಡಾಕ್ಟರು ಚಿಮಟದಿಂದ ಅಂಗಿಯ ಅಂಚು ಹಿಡಿದೆತ್ತಿದರು. ಮಣ್ಣು ಹಿಡಿದು ಯಾವ ಬಣ್ಣವೆಂದೂ ತಿಳಿಯುತ್ತಿರಲಿಲ್ಲ. ಅವಳು ಬಗ್ಗಿದಳು, ಯಾರು ತಡೆದರೂ ಕೇಳದೆ ಬರಿಗೈಯಲ್ಲಿ ಅಂಗಿಯ ಬಗಲನ್ನು ಒಳಗಿನಿಂದ ಹೊರಕ್ಕೆ ಮಡಚಿದಳು. ಹೆಬ್ಬೆರಳಿನಿಂದ ಮಣ್ಣು ಉಜ್ಜಿದಳು.

‘ಇದು ನಂದು’ ಎಂದಳು.

‘ಏನಮ್ಮ?’ ಎಂದ ಪೊಲೀಸಿನವನು.

‘ಹೊಲಿಗೆ ನಂದು. ಬಗಲು ಹರಿದಿತ್ತು, ನಾನೇ ಹಾಕ್ಕೊಟ್ಟಿದ್ದೆ. ಮನೇಲಿ ಬಿಳೀ ದಾರ ಇರಲಿಲ್ಲ, ಹಸಿರು ಹಾಕಿದ್ದೆ. ಬೈದಿದ್ದ, ಕೈ ಎತ್ತಿದ್ರೆ ಎಲ್ಲರಿಗೂ ಕಾಣುತ್ತೆ ಅಂತ.’ ಕೈ ಬಿಡಲಿಲ್ಲ. ‘ಕೈ ಎತ್ತಬೇಡ ಅಂದಿದ್ದೆ.’

ಡಾಕ್ಟರು ಮೂಳೆಯ ಚೂರೊಂದನ್ನು ಪರೀಕ್ಷೆಗೆಂದು ಡಬ್ಬಿಗೆ ಹಾಕಿದರು. ಹೊಸ ಛಾಯಾಗ್ರಾಹಕ ಹಸಿರು ಹೊಲಿಗೆಯ ಚಿತ್ರ ತೆಗೆದ. ಪೊಲೀಸಿನವನು ತೋರಿಸಿದ ಕಡೆಯೆಲ್ಲ ಅವಳು ಸಹಿ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು, ನೇರ ಜೀಬಿಯಣ್ಣನ ಮುಂದೆ ಬಂದು ನಿಂತಳು.

‘ನನ್ನ ಕೈಲಿದ್ದ ಫೋಟೋ ನೋಡಿ ಗೊತ್ತಾಗ್ತಿಲ್ಲಮ್ಮ ಅಂದ್ರಲ್ಲ. ಹೇಗೆ ಗೊತ್ತಾಗುತ್ತೆ? ಹತ್ತಿರಾನೇ ಹೋಗಿರಲಿಲ್ಲ ನೀವು.’

ಅವನು ಕಲ್ಲಿನ ಕಡೆ ನೋಡಿದ.

‘ಒಂದು ಫೋಟೋ. ಒಂದು ಗುಂಡಿ ಒತ್ತೋದು. ಒತ್ತಿದ್ರೆ ಸೋಮವಾರಾನೇ ಮುಖ ನೋಡ್ತಿದ್ದೆ. ಈಗ ನನಗೆ ಸಿಕ್ಕಿದ್ದು ಬಗಲು. ಯಾಕೆ ತೆಗೀಲಿಲ್ಲ?’

ಪಕ್ಕದಲ್ಲಿದ್ದ ಗುಮಾಸ್ತ ಒಂದು ಹೆಜ್ಜೆ ಮುಂದೆ ಬಂದ. ‘ಅಮ್ಮಾ, ಅವರು...’ ಎಂದು ಶುರುಮಾಡಿದ. ಜೀಬಿಯಣ್ಣ ಅವನ ಮಣಿಕಟ್ಟು ಹಿಡಿದು ಅದುಮಿದ. ಮೂರು ಮಾರು ದೂರದಲ್ಲಿ ಪೊಲೀಸಿನವನು ಕಾಗದಗಳನ್ನು ಜೋಡಿಸುತ್ತಿದ್ದ. ಕಾಗದ ಇನ್ನೂ ಮುಚ್ಚಿರಲಿಲ್ಲ. ತೆಗೆದಿದ್ದೆ ಎಂಬ ಒಂದು ಮಾತು ಅವನ ಕಿವಿಗೆ ಬಿದ್ದರೆ ಅಗೆದದ್ದೇ ಅಕ್ರಮವಾಗುತ್ತಿತ್ತು. ಹೆಣ ಮತ್ತೆ ಅದೇ ಕಲ್ಲಿನ ಕೆಳಗೆ ಹೋಗುತ್ತಿತ್ತು.

‘ತೆಗೀಲಿಲ್ಲಮ್ಮ’ ಎಂದ ಜೀಬಿಯಣ್ಣ.

‘ಅಷ್ಟೇನಾ?’

‘ಅಷ್ಟೇ.’

‘ನಾಯಿ ಸತ್ತು ಬಿದ್ದಿದ್ರೂ ಜನ ಒಂದು ಗಳಿಗೆ ನಿಂತು ನೋಡ್ತಾರೆ’ ಎಂದಳು. ದನಿ ಏರಿಸಲಿಲ್ಲ. ‘ನಿಮ್ಮ ಮನೆಯೋರು ಯಾರಾದ್ರೂ ಹೀಗೆ ಹೋಗಲಿ. ನಿಮ್ಮಂಥೋನೇ ಒಬ್ಬ ಅಲ್ಲಿ ಡ್ಯೂಟೀಲಿರಲಿ.’

ಅವನು ತಲೆಯಾಡಿಸಿದ, ಯಾವುದೋ ವಿಳಾಸ ಹೇಳಿದವರಿಗೆ ಗೊತ್ತಾಯಿತು ಎನ್ನುವಂತೆ. ಅವಳು ತಿರುಗಿ ಬೇಲಿಯ ಕಡೆ ಹೋದಳು. ಕಂಬಕ್ಕೆ ಒರಗಿ ಫೋನು ಕಿವಿಗಿಟ್ಟಳು. ಆ ಕಡೆಯವರಿಗೆ ಕಿವಿ ಮಂದವಿರಬೇಕು, ಜೋರಾಗಿಯೇ ಹೇಳಬೇಕಾಯಿತು.

‘ಅಮ್ಮಾ, ಸಿಕ್ಕಿದಾನೆ... ಹೂಂ, ಅವನೇ... ಇಲ್ಲಮ್ಮ, ಮಾತಾಡಕ್ಕಾಗಲ್ಲ... ಕರ್ಕೊಂಡು ಬರ್ತೀನಿ.’

ಜೀಬಿಯಣ್ಣ ಆಗ ಗುಮಾಸ್ತನ ಮಣಿಕಟ್ಟು ಬಿಟ್ಟ. ಬೆರಳಿನ ಗುರುತು ಅಲ್ಲಿ ಬೆಳ್ಳಗೆ ಕೂತಿತ್ತು, ನಿಧಾನವಾಗಿ ಕೆಂಪಗಾಗುತ್ತಿತ್ತು.